ಹಗೇವಿನ ಮೇಲಿನ ಚಪ್ಪಡಿ

ಕಳೆದ ವಾರ ಹಿಂದೂಪುರದ ನಮ್ಮ ಮನೆಯ ಸಂಪು ತೊಳೆಯುವುದಕ್ಕೆ ಒಬ್ಬ ಆಳು ಬಂದಿದ್ದ. ಅವನು ಕಬ್ಬಿಣದ ಮುಚ್ಚಳ ಎತ್ತಿದ್ದೇ ತಡ, ಒಳಗಿನಿಂದ ಒಂದು ವಾಸನೆ ಮೇಲೆ ಬಂತು. ಬಹಳ ಕಾಲ ಯಾರೂ ಉಸಿರಾಡದೆ ಬಿಟ್ಟ ಜಾಗಕ್ಕೆ ಇರುವಂಥ, ಸ್ವಲ್ಪ ಹುಳಿಯಾದ ವಾಸನೆ. ಅವನು ಲುಂಗಿ ಎತ್ತಿಕಟ್ಟಿ ಒಂದು ಕಾಲು ಒಳಕ್ಕೆ ಬಿಟ್ಟಿದ್ದನಷ್ಟೆ, ನಾನು ಅಡುಗೆಮನೆಯಿಂದ ಓಡಿಬಂದು ಅವನ ರಟ್ಟೆ ಹಿಡಿದುಕೊಂಡೆ. ಸ್ವಲ್ಪ ಹೊತ್ತು ಗಾಳಿಗೆ ಬಿಡಬೇಕು ಎಂದೆ. ಆಮೇಲೆ ತಗಡಿನ ಡಬ್ಬಿಯಲ್ಲಿ ಮೇಣದ ಬತ್ತಿ ಹಚ್ಚಿಟ್ಟು, ಅದಕ್ಕೆ ದಾರ ಕಟ್ಟಿ, ಸಂಪಿನ ತಳದವರೆಗೆ ಇಳಿಸಿ ನೋಡಿದೆ. ಬತ್ತಿ ಚೆನ್ನಾಗಿಯೇ ಉರಿಯುತ್ತಿತ್ತು. ಎದುರು ಮನೆಯ ಮಹಡಿಯ ಮೇಲೆ ಬಟ್ಟೆ ಹರವುತ್ತಿದ್ದ ಹೆಂಗಸು, ಇದು ಯಾವ ದೇವರ ಪೂಜೆ ಎಂದು ಕೇಳಿದಳು. ಆಳು ನಗಲಿಲ್ಲ, ಕೂಲಿ ಕೊಡುವವರ ಹುಚ್ಚಿಗೆ ನಗಬಾರದೆಂದು ಅವನಿಗೆ ಗೊತ್ತಿತ್ತು.

ಇಂಥ ಹುಚ್ಚುಗಳು ನನ್ನಲ್ಲಿ ಇನ್ನೂ ಇವೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಹಾಜರಿ ಕೂಗುವ ಮೊದಲು ತರಗತಿಯ ಕಿಟಕಿಗಳನ್ನೆಲ್ಲ ತೆಗೆಸುತ್ತೇನೆ; ಡಿಸೆಂಬರಿನ ಚಳಿಯಲ್ಲಿ ಮಕ್ಕಳು ಹಲ್ಲು ಕಟಕಟಿಸುತ್ತ ನನ್ನನ್ನು ಶಪಿಸುತ್ತಾರೆ. ಲಿಫ್ಟ್ ಇರುವ ಕಡೆ ಮೆಟ್ಟಿಲು ಹತ್ತುತ್ತೇನೆ, ಆರೋಗ್ಯಕ್ಕೆ ಒಳ್ಳೆಯದೆಂದು ಜೊತೆಯವರಿಗೂ ಉಪದೇಶ ಮಾಡುತ್ತೇನೆ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ ಎಂಬ ಒಂದು ಸಾಲಿನ ಪಾಠವನ್ನು ಒಂದು ಪೀರಿಯಡ್ ಪೂರ್ತಿ ಎಳೆಯುತ್ತೇನೆ. ಕಾರಣವನ್ನು ಮಕ್ಕಳಿಗೆ ಹೇಳಿಲ್ಲ. ನಿಮಗೆ ಹೇಳಬಹುದು, ನಿಮಗೆ ಪರೀಕ್ಷೆ ಇಲ್ಲ.

ನನ್ನ ಅಮ್ಮನ ತವರು ಕಲ್ಯಾಣದುರ್ಗ. ದಸರಾ ರಜ ಬಂದರೆ ಅಪ್ಪ ನನ್ನನ್ನು ಅಲ್ಲಿಗೆ ಬಿಟ್ಟುಬರುತ್ತಿದ್ದರು. ಸೋಮಂದೇಪಲ್ಲಿ ದಾಟಿ ಪೆನುಕೊಂಡದಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾಯಬೇಕು. ಅಲ್ಲಿನ ಹೋಟೆಲಿನ ಮಂಡಕ್ಕಿ ಉಗ್ಗಾನಿ, ಮೆಣಸಿನಕಾಯಿ ಬಜ್ಜಿಯೇ ನನಗೆ ಇಡೀ ಪ್ರಯಾಣದ ಉದ್ದೇಶವಾಗಿತ್ತು. ಅಮ್ಮ ಮಾತ್ರ ಬರುತ್ತಿರಲಿಲ್ಲ. ಹುಣಿಸೆಹಣ್ಣು, ಬೆಲ್ಲ, ಒಣಮೆಣಸಿನಕಾಯಿ, ವರ್ಷಕ್ಕೊಂದು ಸೀರೆ, ಎಲ್ಲವನ್ನೂ ಅಜ್ಜಿಗೆಂದು ಕಟ್ಟಿಕೊಡುತ್ತಿದ್ದಳು. ನೀನೂ ಬಾ ಎಂದು ಹಟ ಮಾಡಿದರೆ, "ನಾನ್ ಬಂದು ಏನ್ ಮಾಡ್ಲಿ, ನಿಮ್ಮಜ್ಜೀನ ನೋಡ್ಕೊಂಡು ಬಾ ಹೋಗು" ಎನ್ನುತ್ತಿದ್ದಳು. ಮಗಳೊಬ್ಬಳು ತಾಯಿಯ ಮನೆಗೆ ಹೋಗಿ ಏನು ಮಾಡುತ್ತಾಳೆ ಎಂದು ನಾನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸುತ್ತಿದ್ದೆ.

ಅಜ್ಜಿಗೆ ಆಗ ಅರವತ್ತು ದಾಟಿತ್ತು. ಕೈತುಂಬ ಹಸಿರು ಗಾಜಿನ ಬಳೆ, ಹಣೆಯಲ್ಲಿ ಕಾಸಿನಗಲ ಕುಂಕುಮ. ಅಜ್ಜ ಮಾತ್ರ ಮನೆಯಲ್ಲಿ ಎಲ್ಲೂ ಇರಲಿಲ್ಲ. ಬಿಳಿಯರ ಕಾಲದ ದೊಡ್ಡ ಯುದ್ಧಕ್ಕೆ ಬರ್ಮಾದ ಕಡೆ ಹೋದವನು ತಿರುಗಿ ಬರಲಿಲ್ಲವಂತೆ. ಸತ್ತನೆಂಬ ಸುದ್ದಿಯೂ ಬರಲಿಲ್ಲವಂತೆ. ಸುದ್ದಿ ಬರದೆ ಕುಂಕುಮ ಅಳಿಸುವ ಹಾಗಿಲ್ಲ. ಹೀಗಾಗಿ ಅಜ್ಜಿ ಐವತ್ತು ವರ್ಷದಿಂದ ಮುತ್ತೈದೆ. ಇದರಲ್ಲಿ ದುಃಖಪಡುವಂಥದ್ದು ಏನಾದರೂ ಇದೆ ಎಂದು ನನಗೆ ಹೊಳೆದಿರಲಿಲ್ಲ. ನಮ್ಮಜ್ಜ ಇನ್ನೂ ಬರ್ಮಾದ ಕಾಡಿನಲ್ಲಿ ಬಂದೂಕು ಹಿಡಿದು ಕೂತಿದ್ದಾನೆ, ಯುದ್ಧ ಮುಗಿದದ್ದನ್ನು ಯಾರೂ ಅವನಿಗೆ ಹೇಳಿಲ್ಲ ಎಂದು ಶಾಲೆಯಲ್ಲಿ ಹೇಳಿಕೊಂಡು ತಿರುಗುತ್ತಿದ್ದೆ. ಹಾಗಾದರೆ ಊಟಕ್ಕೆ ಏನು ಮಾಡುತ್ತಾನೆ ಎಂದು ಒಬ್ಬ ಹುಡುಗಿ ಕೇಳಿದಳು. ಬಿದಿರಕ್ಕಿ ಎಂದೆ.

ಅಜ್ಜಿ ಎಲ್ಲ ಕೆಲಸವನ್ನೂ ತಾನೇ ಮಾಡುವವಳು. ರಾಗಿ ಕೇರುವುದನ್ನು ಮಾತ್ರ ಮಾಡುತ್ತಿರಲಿಲ್ಲ. ಬೀದಿಯ ಯಾರಿಗಾದರೂ ಅರ್ಧ ಸೇರು ರಾಗಿ ಕೊಟ್ಟು, ಅವರ ಮನೆಯಲ್ಲೇ ಕೇರಿಸಿಕೊಂಡು ಬರುತ್ತಿದ್ದಳು. ಇಷ್ಟು ಗಟ್ಟಿಮುಟ್ಟಾದ ಹೆಂಗಸಿಗೆ ಇದೊಂದು ಸೋಮಾರಿತನ ಯಾಕೆ ಎಂದುಕೊಳ್ಳುತ್ತಿದ್ದೆ. ಹಿಂದೆ ಮನೆ ನಡೆಸಿದವನು ಅವಳ ಮೈದುನನಂತೆ. ನಾನು ಹುಟ್ಟುವ ಮೊದಲೇ ಅವನೂ ಅವನ ಹೆಂಡತಿಯೂ ತೀರಿಕೊಂಡಿದ್ದರು. ಅವರ ಮಗನನ್ನು ಅಜ್ಜಿಯೇ ಸಾಕಿದಳು. ಅವನು ಅವಳಿಗೆ ದೊಡ್ಡಮ್ಮ ಎನ್ನುತ್ತಿದ್ದ; ನನಗೆ ಅವನು ಮಾಮ.

ನನಗೆ ಹದಿನೈದು ತುಂಬಿದ ವರ್ಷ, ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ, ಬೀದಿ ನಲ್ಲಿಯ ಹತ್ತಿರ ಬಿಂದಿಗೆ ಇಟ್ಟುಕೊಂಡು ನಿಂತಿದ್ದೆ. ಒಬ್ಬ ಮುದುಕಿ ಯಾರ ಮನೆಯವಳೆಂದು ತೆಲುಗಿನಲ್ಲಿ ವಿಚಾರಿಸಿದಳು. ಹೇಳಿದೆ. ಅವಳು ಪಕ್ಕದವಳ ಕಡೆ ತಿರುಗಿ, "ಮೊಗುಡು ಯುದ್ಧಂಲೋ, ಬಿಡ್ಡ ಇಂಟ್ಲೋ. ಆ ಬಿಡ್ಡ ಕೂತುರೇ ಈಮೆ" ಎಂದಳು. ಗಂಡ ಯುದ್ಧದಲ್ಲಿ, ಮಗು ಮನೆಯಲ್ಲಿ. ಆ ಮಗುವಿನ ಮಗಳೇ ಇವಳು. ಇಬ್ಬರೂ ನಕ್ಕರು. ಆ ನಗುವಿನಲ್ಲಿ ಹೆಚ್ಚು ವಿಷವೇನೂ ಇರಲಿಲ್ಲ, ಹಳೆಯ ತಮಾಷೆಯೊಂದನ್ನು ನೆನೆದು ನಗುವ ಹಾಗಿತ್ತು. ಗಂಡ ಊರು ಬಿಟ್ಟು ಎರಡು ವರ್ಷದ ಮೇಲೆ ಹುಟ್ಟಿದ ಮಗು ಯಾರದೆಂಬುದನ್ನು ಬೀದಿ ಎಂದೋ ತೀರ್ಮಾನಿಸಿಬಿಟ್ಟಿತ್ತು: ಮೈದುನನದು.

ಅಮ್ಮ ಈ ಬೀದಿಯಲ್ಲಿ ಬೆಳೆದವಳು. ಅವಳು ಯಾಕೆ ಬರುವುದಿಲ್ಲವೆಂದು ನನಗೆ ಬಿಂದಿಗೆ ತುಂಬುವಷ್ಟರಲ್ಲಿ ತಿಳಿಯಿತು. ಸುಳ್ಳಾಗಿದ್ದರೆ ಅಜ್ಜಿ ಸುಳ್ಳು ಎನ್ನಬಹುದಿತ್ತಲ್ಲ ಎಂಬ ಯೋಚನೆಯೂ ಅಲ್ಲೇ ಬಂತು. ಅಮ್ಮ ಹುಟ್ಟಿದಾಗಿನಿಂದ ಕಾಯುತ್ತಿದ್ದುದು ತಾಯಿಯ ಬಾಯಿಂದ ಆ ಒಂದು ಮಾತಿಗೇ ಎಂದು ನನಗೆ ಗೊತ್ತಾಗುವುದಕ್ಕೆ ಇನ್ನೂ ಕೆಲವು ದಿನ ಹಿಡಿಯಿತು.

ಮಾರನೆಯ ದಿನ ಅಜ್ಜಿ ಎಡೆ ಇಟ್ಟಳು. ಸತ್ತ ಹಿರಿಯರಿಗೆ ಒಳಗೆ, ಗೋಡೆಯ ಪಕ್ಕ. ಇನ್ನೊಂದು ಎಲೆ ಹಿತ್ತಲಿನಲ್ಲಿ, ಹಗೇವಿನ ಬಾಯಿ ಮುಚ್ಚಿದ್ದ ಚಪ್ಪಡಿಯ ಮೇಲೆ. ಹಗೇವು ನೋಡಿರದವರಿಗೆ ಹೇಳುತ್ತೇನೆ: ರಾಗಿ ತುಂಬಿಡಲು ನೆಲದೊಳಗೆ ತೋಡಿದ ಕಣಜ ಅದು. ಬಾಯಿ ಕಿರಿದು, ಹೊಟ್ಟೆ ಅಗಲ, ಹೂತಿಟ್ಟ ದೊಡ್ಡ ಗಡಿಗೆಯ ಹಾಗೆ. ತುಂಬಿದ ಮೇಲೆ ಚಪ್ಪಡಿ ಎಳೆದು ಸುತ್ತ ಸಗಣಿಮಣ್ಣು ಮೆತ್ತಿದರೆ ವರ್ಷಗಟ್ಟಲೆ ರಾಗಿಗೆ ಹುಳ ಬೀಳದು. ನಮ್ಮ ಹಗೇವನ್ನು ತೆಗೆದದ್ದನ್ನು ನಾನು ಕಂಡಿರಲಿಲ್ಲ. ಅನ್ನ ಕೊಟ್ಟ ತಾಯಿಗೂ ಒಂದು ಎಡೆ ಎಂದು ಅಜ್ಜಿ ಹೇಳುತ್ತಿದ್ದಳು. ಆ ವರ್ಷ ನಾನು ಎಲೆಯನ್ನು ಸರಿಯಾಗಿ ನೋಡಿದೆ. ಅನ್ನ, ವಡೆ, ಪಾಯಸ. ಪಕ್ಕದಲ್ಲಿ ಒಂದು ಕಟ್ಟು ಬೀಡಿ, ಒಂದು ಬೆಂಕಿಪೊಟ್ಟಣ. ಅನ್ನ ಕೊಟ್ಟ ತಾಯಿ ಬೀಡಿ ಸೇದುತ್ತಾಳೆಯೇ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ಹಿಂದಿನ ದಿನದಿಂದ ಅಜ್ಜಿಯ ಮುಖ ನೋಡುವುದೇ ನನಗೆ ಕಷ್ಟವಾಗಿತ್ತು.

ಮಾಮನ ಹೆಂಡತಿ ಬಾಣಂತನಕ್ಕೆಂದು ಅನಂತಪುರದ ತವರಿಗೆ ಹೋಗಿದ್ದಳು. ಹಿತ್ತಲಲ್ಲಿ ಕಕ್ಕಸು ಕಟ್ಟಿಸದೆ ಮಗುವನ್ನು ಎತ್ತಿಕೊಂಡು ಬರುವುದಿಲ್ಲವೆಂದು ಅಲ್ಲಿಂದ ಹೇಳಿಕಳಿಸಿದ್ದಳು. ಮಾಮ ಗುದ್ದಲಿ ಹಾಕಿದ ಕಡೆಯೆಲ್ಲ ಬಂಡೆ. ಇಷ್ಟು ದೊಡ್ಡ ಹಗೇವು ಖಾಲಿ ಬಿದ್ದಿರುವಾಗ ಹೊಸ ಗುಂಡಿ ಯಾಕೆ ಎಂಬುದು ಅವನ ವಾದ. ಅದೊಂದು ಬೇಡ ಎಂದಳು ಅಜ್ಜಿ. ಯಾಕೆ ಎಂದರೆ, ಬೇಡ ಅಂದ್ರೆ ಬೇಡ. ದೊಡ್ಡಮ್ಮನಿಗೆ ಹಗೇವಿನ ಮೇಲೆ ಭಕ್ತಿ, ನನಗೆ ಹೆಂಡತಿಯ ಮೇಲೆ ಎಂದು ಮಾಮ ನನ್ನ ಹತ್ತಿರ ಹೇಳಿ ನಕ್ಕ. ಅಜ್ಜಿ ಸೆಟ್ಟೂರಿನಲ್ಲಿ ಕಾಯಿಲೆ ಬಿದ್ದಿದ್ದ ನೆಂಟರನ್ನು ನೋಡಲು ಹೋದ ದಿನ, ಸಾಯಂಕಾಲ ಅವಳು ಬರುವಷ್ಟರಲ್ಲಿ ಒಂದು ಸಲ ನೋಡಿ ಮುಚ್ಚಿಬಿಡೋಣ ಎಂದು ಹಾರೆ ತಂದ.

ಮುಂದಿನದನ್ನು ನಾನು ಅದೆಷ್ಟೋ ಸಲ ಮನಸ್ಸಿನಲ್ಲಿ ನಡೆಸಿ ನೋಡಿದ್ದೇನೆ. ಹಾಗಾಗಿ ಅದು ಸ್ವಲ್ಪ ಸವೆದಿರಬಹುದು. ಚಪ್ಪಡಿ ಹಾರೆಗೆ ಮಿಸುಕಿ ಪಕ್ಕಕ್ಕೆ ಜರುಗಿತು. ಆ ವಾಸನೆ ಬಂತು. ಮಾಮ ಬ್ಯಾಟರಿ ಬಿಟ್ಟು ನೋಡಿ, ಬರೀ ಮಣ್ಣು, ಬೂದಿ ಕಾಣಿಸುತ್ತಿದೆ, ಆಳ ಎಷ್ಟೋ ತಿಳಿಯುತ್ತಿಲ್ಲ ಎಂದ. ಏಣಿ ಇಳಿಬಿಟ್ಟ. ಎದೆಯ ಮಟ್ಟ ಇಳಿದು ನನ್ನ ಕಡೆ ನೋಡಿ, "ತಣ್ಣಗೈತೆ ಕಣಮ್ಮ, ಬೇಸಿಗೇಲಿ ಇಲ್ಲೇ ಮಲಗ್ಬೋದು" ಎಂದ. ತಲೆ ಒಳಗೆ ಹೋಯಿತು. ಬ್ಯಾಟರಿ ಕೈಜಾರಿ ಬಿದ್ದ ಸದ್ದಾಯಿತು. ಕರೆದೆ. ಅವನು ಏನೋ ಹೇಳಿದ; ಮಾತುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಕುಡಿದವನ ಹಾಗೆ ಸಣ್ಣಗೆ ನಕ್ಕ. ನಾನು ಬಗ್ಗಿ ಅವನ ಅಂಗಿಯ ಕಾಲರಿಗೆ ಕೈ ಹಾಕಿದೆ. ಅವನ ಮೈ ಭಾರವಾಗುತ್ತ ಹೋಯಿತು. ನಾನು ಕೂಗಿದೆನಂತೆ, ಪಕ್ಕದ ಮನೆಯವರು ಆಮೇಲೆ ಹೇಳಿದರು. ನನಗೆ ನೆನಪಿರುವುದು ಕಾಲರಿನ ಹೊಲಿಗೆ ಬಿಡುತ್ತಿದ್ದ ಸದ್ದು ಮಾತ್ರ.

ಅಜ್ಜಿ ಬೇಗ ಬಂದಿದ್ದಳು. ಸೆಟ್ಟೂರಿನ ನೆಂಟರು ಚೇತರಿಸಿಕೊಂಡು ಹೊಲಕ್ಕೆ ಹೋಗಿದ್ದರಂತೆ, ಅಷ್ಟೇ ಕಾರಣ. ಕೈಚೀಲ ಎಸೆದು, ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ, ಮಾಮನ ಕೂದಲು ಹಿಡಿದಳು. "ಉಸಿರು ಬಿಗಿ ಹಿಡ್ಕೊಂಡು ಎಳಿ" ಎಂದಳು ನನಗೆ. ಎಳೆದೆವು. ಅಷ್ಟರಲ್ಲಿ ಪಕ್ಕದ ಮನೆಯ ಗಂಡಸರು ಗೋಡೆ ಹಾರಿ ಬಂದರು. ಬೇವಿನ ಮರದ ಕೆಳಗೆ ಮಲಗಿಸಿದಾಗ ಅವನ ತುಟಿ ನೇರಳೆ ಹಣ್ಣು ತಿಂದವರ ಹಾಗಿತ್ತು. ಸ್ವಲ್ಪ ಹೊತ್ತಿಗೆ ವಾಂತಿ ಮಾಡಿಕೊಂಡು ಕಣ್ಣು ಬಿಟ್ಟ. ಅಜ್ಜಿ ಅವನ ಕೆನ್ನೆಗೆ ಒಂದು ಬಿಟ್ಟು, "ಈ ಗುಂಡಿಗೆ ಒಬ್ರು ಸಾಲ್ದಾಗಿತ್ತೇನ್ಲಾ" ಎಂದಳು. ಯಾರಿಗೂ ಅರ್ಥವಾಗಲಿಲ್ಲ. ಅವರು ಮಾಮನನ್ನು ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದರು.

ಹಿತ್ತಲಲ್ಲಿ ನಾವಿಬ್ಬರೇ ಉಳಿದೆವು. ಅಜ್ಜಿ ಒಳಗಿನಿಂದ ಲಾಟೀನು ತಂದು, ಹಚ್ಚಿ, ಹಾಡುಹಗಲಲ್ಲಿ ಅದನ್ನು ಹಗ್ಗದಲ್ಲಿ ಹಗೇವಿಗೆ ಇಳಿಸಿದಳು. ಒಂದು ಮಾರು ಹೋಗುವಷ್ಟರಲ್ಲಿ ದೀಪ ಆರಿತು. ಮೇಲೆಳೆದು, ಮತ್ತೆ ಹಚ್ಚಿ, ಮತ್ತೆ ಇಳಿಸಿದಳು. ಮತ್ತೆ ಆರಿತು.

"ನಮ್ಮತ್ತೆ ದೀಪ ಬಿಡ್ದೆ ಇದ್ರೊಳಿಕ್ಕೆ ಒಂದ್ ಕೋಳೀನೂ ಇಳಿಸ್ತಿರ್ಲಿಲ್ಲ ಕಣಮ್ಮ," ಎಂದಳು. "ಅವತ್ತೊಂದಿನ ಬಿಡ್ಲಿಲ್ಲ."

ಅವಳು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಅವಳ ಮಾತಿನಲ್ಲಿ ಅದು ಇನ್ನೂ ಚಿಕ್ಕದಾಗಿತ್ತು. ಅಜ್ಜ ಯುದ್ಧದಿಂದ ಬಂದಿದ್ದ. ರಜದ ಮೇಲೆ ಬಿಟ್ಟಿದ್ದವನು ದಂಡಿಗೆ ಹಿಂದಿರುಗದೆ, ರಾಯದುರ್ಗದ ಕಡೆ ರೈಲಿಳಿದು, ನಡೆದು ಮನೆ ಸೇರಿದ್ದ. ಸಿಕ್ಕಿದರೆ ಅವನಿಗೆ ಜೈಲು, ಬಚ್ಚಿಟ್ಟವರಿಗೂ ಜೈಲು. ತಾಯಿ ಅವನನ್ನು ಅಟ್ಟದ ಮೇಲಿಟ್ಟಳು. ಎರಡು ತಿಂಗಳೋ ಏನೋ, ಬೀದಿಯಲ್ಲಿ ಒಬ್ಬರಿಗೂ ತಿಳಿಯದಂತೆ ಅಲ್ಲಿದ್ದ, ಹಗಲು ಕೆಮ್ಮುವ ಹಾಗೂ ಇಲ್ಲದೆ. ಹೆಂಡತಿಗೆ ಆಗ ನನ್ನಷ್ಟೇ ವಯಸ್ಸು. ಹೊಗೆಯ ವಾಸನೆ ಹೊರಗೆ ಹೋಗಬಾರದೆಂದು ಅವನಿಗೆ ಬೀಡಿ ಕೊಡುತ್ತಿರಲಿಲ್ಲ. ಅವನು ದಿನವೂ ಕೇಳುತ್ತಿದ್ದನಂತೆ.

ಒಂದು ಬೆಳಿಗ್ಗೆ ಮೈದುನ ಓಡಿಬಂದು, ತಹಶೀಲ್ದಾರರು ಪೊಲೀಸರನ್ನು ಕರೆದುಕೊಂಡು ಬಂದಿದ್ದಾರೆ, ಮನೆಮನೆ ಹುಡುಕುತ್ತಿದ್ದಾರೆ ಎಂದ. ಬಂದವರು ಅಟ್ಟ ಹತ್ತದೆ ಬಿಡುವುದಿಲ್ಲ. ಹಿಂದಿನ ದಿನ ತಾನೇ ಹಗೇವು ತೆಗೆದು, ದೀಪ ಬಿಟ್ಟು ನೋಡಿ, ಒಂದಷ್ಟು ರಾಗಿ ಎತ್ತಿಕೊಂಡು ಚಪ್ಪಡಿ ಎಳೆದಿದ್ದರು. ಇನ್ನೂ ಮಣ್ಣು ಮೆತ್ತಿರಲಿಲ್ಲ. ಒಳಗೆ ಅರ್ಧದಷ್ಟು ರಾಗಿ ಇತ್ತು. ಒಂದು ಗಳಿಗೆ ಕೂತಿರಪ್ಪ ಎಂದು ತಾಯಿ ಮಗನನ್ನು ಅದರೊಳಗೆ ಇಳಿಸಿದಳು. ನಿನ್ನೆ ನೋಡಿದ್ದೆವಲ್ಲ ಎಂದುಕೊಂಡರೋ, ಏನೂ ಅಂದುಕೊಳ್ಳುವಷ್ಟು ಪುರುಸೊತ್ತು ಇರಲಿಲ್ಲವೋ. ಚಪ್ಪಡಿ ಮುಚ್ಚಿ, ಅದು ಕಾಣದಂತೆ ಸೊಸೆಯನ್ನು ಅದರ ಮೇಲೆ ಕೂರಿಸಿ, ಕೈಗೆ ಮೊರ ಕೊಟ್ಟು, ರಾಗಿ ಕೇರುತ್ತಿರು ಎಂದರು.

ಬಂದವರು ಅಟ್ಟ ಹತ್ತಲೇ ಇಲ್ಲ. ಅವರು ಬಂದದ್ದು ರಾಗಿಗೆ. ಯುದ್ಧದ ಕಾಲದಲ್ಲಿ ಸರ್ಕಾರ ಮನೆಮನೆಯಿಂದ ಲೆವಿ ಧಾನ್ಯ ಎತ್ತುತ್ತಿತ್ತು. ಕೊಡದೆ ಮುಚ್ಚಿಟ್ಟವರನ್ನು ಹುಡುಕಿಕೊಂಡು ಬಂದಿದ್ದರು. ನಡುಮನೆಯ ಮಣ್ಣಿನ ವಾಡೆಗಳಲ್ಲಿದ್ದ ರಾಗಿ ಅಳೆಸಿದರು. ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿದರು. ಮಳೆಯ ಮಾತಾಡಿದರು. ಅವನು ಅಟ್ಟದ ಮೇಲೇ ಇದ್ದಿದ್ದರೆ ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ.

ಇಷ್ಟು ಹೇಳಿ ಅಜ್ಜಿ ಲಾಟೀನಿನ ಹಗ್ಗ ಸುತ್ತತೊಡಗಿದಳು. ಮುಗಿಯಿತೆಂದುಕೊಂಡೆ. ಆಮೇಲಿನದನ್ನು ಮಾತ್ರ ಅವಳ ಮಾತಿನಲ್ಲೇ ಬರೆಯಬೇಕು.

"ಕೆಳಗಿಂದ ಬಡೀತಿದ್ದ ಕಣಮ್ಮ. ಹೋದ್ರಾ ಅಂತ ಕೇಳ್ತಾವ್ನೆ ಅಂದ್ಕೊಂಡೆ. ಅವ್ರು ಇನ್ನೂ ಜಗಲಿ ಮೇಲೇ ಅವ್ರೆ. ಕೇಳಿಸ್ಬುಟ್ರೆ ಏನ್ ಗತಿ ಅಂತ, ಅವ್ನು ಬಡ್ದಾಗೆಲ್ಲ ನಾನು ಮೊರ ಬಡ್ದೆ. ಆಮೇಲೆ ನಿಂತೋಯ್ತು. ಸದ್ಯ, ಅರ್ಥ ಆಯ್ತಲ್ಲ ಅವ್ನಿಗೆ ಅಂದ್ಕೊಂಡೆ."

ಚಪ್ಪಡಿ ತೆಗೆದಾಗ ಅವನು ರಾಗಿಯ ಮೇಲೆ ಬಿದ್ದಿದ್ದ. ಹೆಣ ಹೊರಗೆ ತಂದರೆ ಊರಿಗೆ ತಿಳಿಯುತ್ತದೆ. ಒಲೆಯ ಬೂದಿ, ಹಿತ್ತಲ ಮಣ್ಣು ಸುರಿದು ಮತ್ತೆ ಚಪ್ಪಡಿ ಎಳೆದರು. ಒಳಗಿನ ರಾಗಿಯನ್ನು ಯಾರೂ ಮುಟ್ಟಲಿಲ್ಲ. ಆ ವರ್ಷ ಮನೆಯವರು ಗೆಣಸು ಬೇಯಿಸಿಕೊಂಡು ತಿಂದರು. ಸ್ವಲ್ಪ ದಿನಕ್ಕೆ ಸೊಸೆ ಬಸುರಿ ಎಂದು ತಿಳಿಯಿತು. ಗಂಡ ಬಂದಿದ್ದ ಎಂದರೆ, ಈಗ ಎಲ್ಲಿದ್ದಾನೆ ಎಂದು ಕೇಳುತ್ತಾರೆ. ಬಂದಿರಲಿಲ್ಲ ಎಂದರೆ, ಮಗು ಯಾರದು ಎಂದು ಕೇಳುತ್ತಾರೆ. ಎರಡನೆಯ ಪ್ರಶ್ನೆಗೆ ಮನೆಯವರು ಏನೂ ಹೇಳಬೇಕಾಗಲಿಲ್ಲ, ಬೀದಿಯೇ ಹೇಳಿಕೊಂಡಿತು. ಮೈದುನ ಆ ಮಾತನ್ನು ಸಾಯುವವರೆಗೂ ಹೊತ್ತುಕೊಂಡಿದ್ದ.

ಮಾರನೆಯ ಬೆಳಿಗ್ಗೆ ಅಜ್ಜಿ ಬೀದಿಯ ಹೆಂಗಸರನ್ನು ಹಿತ್ತಲಿಗೆ ಕರೆಸಿ, ಎಲ್ಲರೆದುರಿಗೆ ಚಪ್ಪಡಿಗೆ ಕೈ ಕುಟ್ಟಿ ಬಳೆ ಒಡೆದುಕೊಂಡಳು. ಸೆರಗಿನಿಂದ ಕುಂಕುಮ ಒರೆಸಿಕೊಂಡಳು. ನಲ್ಲಿಯ ಹತ್ತಿರ ಕಂಡಿದ್ದ ಮುದುಕಿಯೂ ಅಲ್ಲಿದ್ದಳು. ಇದೇನಕ್ಕ, ಈಗ ಸುದ್ದಿ ಬಂತಾ ಎಂದು ಕೇಳಿದಳು. ಅಜ್ಜಿ ಅವಳಿಗೆ ತೆಲುಗಿನಲ್ಲೇ, "ನಾ ಮೊಗುಡು ಇಕ್ಕಡೇ ಉನ್ನಾಡು. ನಾ ಬಿಡ್ಡ ಆಯನ ಬಿಡ್ಡೇ" ಎಂದಳು. ನನ್ನ ಗಂಡ ಇಲ್ಲೇ ಇದ್ದಾನೆ, ನನ್ನ ಮಗಳು ಅವನ ಮಗಳೇ. ಮುದುಕಿ ಸ್ವಲ್ಪ ಹೊತ್ತು ಚಪ್ಪಡಿಯನ್ನು ನೋಡಿದಳು. ತಲೆಯ ಮೇಲೆ ಸೆರಗು ಎಳೆದುಕೊಂಡು ಕೈ ಮುಗಿದಳು.

ಆ ವಾರವೇ ಮಾಮ ಕುಕ್ಕೆ ಕುಕ್ಕೆ ಮಣ್ಣು ಹೊತ್ತು ಹಗೇವು ತುಂಬಿಸಿದ. ಕಕ್ಕಸು ಕೊನೆಗೆ ಬೀದಿ ಬಾಗಿಲ ಪಕ್ಕದಲ್ಲೇ ಎದ್ದಿತು, ಬಂಡೆ ಒಡೆಸಿ. ಅವನ ಹೆಂಡತಿಗೆ ಅದೂ ಒಪ್ಪಿಗೆಯಾಗಲಿಲ್ಲ.

ಸುದ್ದಿ ಹೋಗಿ ಅಮ್ಮ ಬಂದಳು. ಎಲ್ಲವನ್ನೂ ಕೇಳಿಸಿಕೊಂಡಳು. ಬಡಿದ ವಿಷಯ ಒಂದನ್ನು ಅಜ್ಜಿ ಅವಳಿಗೆ ಹೇಳಲಿಲ್ಲ, ಹೀಗಾಗಿ ನಾನೂ ಹೇಳಲಿಲ್ಲ. ಅಮ್ಮ ಹಿತ್ತಲ ಬಾಗಿಲಲ್ಲಿ ನಿಂತು ಕೇಳಿದ್ದು ಇಷ್ಟೇ: "ಊರೋರೆಲ್ಲ ನನ್ಗೆ ಆ ಮಾತು ಅಂದ್ರಲ್ಲ, ಒಂದ್ಸಲ ನನ್ ಕಿವೀಲಾದ್ರೂ ಹೇಳ್ಬಾರ್ದಾಗಿತ್ತಾ?"

"ಬಾಯಿ ಬರ್ಲಿಲ್ಲ ಕಣೇ" ಎಂದಳು ಅಜ್ಜಿ.

ಅಷ್ಟು ಅಮ್ಮನಿಗೆ ಸಾಲಲಿಲ್ಲ. ಅದೇ ಸಂಜೆಯ ಬಸ್ಸಿಗೆ ನನ್ನನ್ನೂ ಹೊರಡಿಸಿದಳು. ಕೆಲವು ವರ್ಷದ ಮೇಲೆ ಅಜ್ಜಿ ತೀರಿಕೊಂಡಾಗ ಹೋಗಿ, ಮಗಳು ಮಾಡಬೇಕಾದದ್ದನ್ನೆಲ್ಲ ಮಾಡಿದಳು. ಅಳಲಿಲ್ಲ.

ನಾನು ಆಮೇಲೆ ಬಿ.ಎಸ್ಸಿ. ಓದಿದೆ. ಮುಚ್ಚಿಟ್ಟ ಧಾನ್ಯವೂ ಉಸಿರಾಡುತ್ತದೆ, ಒಳಗಿನ ಆಮ್ಲಜನಕವನ್ನು ತಿಂದುಹಾಕುತ್ತದೆ ಎಂದು ಗ್ರಂಥಾಲಯದಲ್ಲಿ ಕೂತು ತಿಳಿದುಕೊಂಡೆ. ಅಂಥ ಗಾಳಿಯಲ್ಲಿ ಮನುಷ್ಯನಿಗೆ ತಲೆ ಸುತ್ತುತ್ತದೆ, ಮತ್ತೇರುತ್ತದೆ, ನಿದ್ದೆ ಹೋಗುತ್ತಾನೆ ಎಂದು ಬರೆದಿತ್ತು. ಸಮಾಧಾನವಾಗಬೇಕಿತ್ತು. ಆದರೆ ನಿದ್ದೆ ಬಂದವನು ಬಡಿಯುವುದಿಲ್ಲ. ಮಾಮ ಈಗ ಮೊಮ್ಮಗುವಿನ ಫೋಟೋಗಳನ್ನು ಫೋನಿಗೆ ಕಳಿಸುತ್ತಾನೆ. ಮಗುವಿನ ಪಕ್ಕದಲ್ಲಿ ಹಲ್ಲು ಬಿಟ್ಟು ನಗುತ್ತಿರುವ ಅವನ ತುಟಿಯ ಬಣ್ಣವನ್ನು ದೊಡ್ಡದು ಮಾಡಿ ನೋಡುತ್ತೇನೆ. ಸೆಟ್ಟೂರಿನ ನೆಂಟರು ಆ ದಿನ ಮಂಚದ ಮೇಲೇ ಇದ್ದಿದ್ದರೆ, ಅಜ್ಜಿ ಮಾತಾಡಿಕೊಂಡು ಕೂತಿದ್ದರೆ, ಎಂದು ನನ್ನ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಸಂಪು ತೊಳೆದವನು ಹೋದ ಮೇಲೆ ಅಮ್ಮ ಮಂಚದಿಂದಲೇ ನನ್ನನ್ನು ಕರೆದಳು. ಅವಳಿಗೆ ಈಗ ಎಂಬತ್ತು; ಕಣ್ಣು ಮಂಜಾಗಿದೆ, ಕಿವಿ ಚುರುಕು. ಯಾರ ಜೊತೆ ಜಗಳ ಎಂದು ಕೇಳಿದಳು. ದೀಪ ಇಳಿಸಿ ನೋಡಿದ್ದನ್ನು ಹೇಳಿದೆ.

"ಒಳ್ಳೇದ್ ಮಾಡ್ದೆ," ಎಂದಳು. "ನಿಮ್ಮಜ್ಜಿ ದೀಪಾನೂ ಬಿಡ್ಲಿಲ್ಲ, ಬಾಯೂ ಬಿಡ್ಲಿಲ್ಲ."

ಈ ಮಾತನ್ನು ನಾನು ಎಷ್ಟೋ ಸಲ ಕೇಳಿಸಿಕೊಂಡು ನನ್ನ ಪಾಡಿಗೆ ಎದ್ದುಹೋಗಿದ್ದೇನೆ. ಅವತ್ತು ಏಳಲಾಗಲಿಲ್ಲ. ಮಂಚದ ತುದಿಯಲ್ಲಿ ಕೂತು, ಕೆಳಗಿನಿಂದ ಬಡಿದದ್ದನ್ನು ಹೇಳಿದೆ. ಮೇಲೆ ಮೊರ ಬಡಿದದ್ದನ್ನೂ ಹೇಳಿದೆ. ಅಜ್ಜಿ ಹೇಳಿದಷ್ಟನ್ನೇ, ಅವಳ ಮಾತಿನಲ್ಲೇ ಹೇಳಿದೆ.

ಅಮ್ಮ ಹೊದಿಕೆಯ ಮೇಲೆ ಬೆರಳು ಮಡಚುತ್ತ ಏನೋ ಎಣಿಸುತ್ತಿದ್ದಳು. ತಿಂಗಳುಗಳಿರಬೇಕು.

"ಅವತ್ತು ನಾನು ಹೊಟ್ಟೇಲಿದ್ದೆ, ಅಲ್ವಾ?"

ಇದ್ದಿರಬೇಕು ಎಂದೆ.

"ಹಂಗಾದ್ರೆ ನಮ್ಮಮ್ಮ ಆ ಕಲ್ಲಿನ್ ಮೇಲೆ ಒಬ್ಳೇ ಕೂತಿರ್ಲಿಲ್ಲ ಕಣೇ" ಎಂದಳು.

ನಿಮ್ಮಜ್ಜಿ ಎನ್ನದೆ ನಮ್ಮಮ್ಮ ಎಂದು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಅವಳು ಗೋಡೆಯ ಕಡೆ ಹೊರಳಿ ಮಲಗಿದಳು. ನಿದ್ದೆ ಹತ್ತಿತೇನೋ ಎಂದು ನಾನು ಮೆಲ್ಲನೆ ಏಳುತ್ತಿದ್ದಾಗ, ಗೋಡೆಗೆ ಹೇಳುವ ಹಾಗೆ ಇನ್ನೊಂದು ಸಲ ಹೇಳಿದಳು.

"ನಾನೂ ಇದ್ದೆ."